ಎರಡು ಪಟ್ಟಿಯ ಕಂಬಳಿ

ಇವತ್ತು ಬೆಳಿಗ್ಗೆ ಮಿಯಾಪುರದ ಮೆಟ್ರೊ ಸ್ಟೇಷನ್ನಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಹೇಳಿದವಳು ನಾನು, ಎರಡೂ ಮೊಣಕಾಲು ನೋಯುವವಳು, ಕೈಯಲ್ಲಿ ದೊಡ್ಡದೊಂದು ಬಟ್ಟೆಯ ಚೀಲ ಬೇರೆ. ಚೀಲ ಯಂತ್ರದೊಳಗೆ ಹೋಗಿ ಆಚೆ ಬಂತು. ತಪಾಸಣೆಯ ಹುಡುಗಿ ಅದರೊಳಗೆ ಕೈಹಾಕಿ ಒಂದು ಬೆಂಕಿಪೊಟ್ಟಣ ತೆಗೆದಳು. ಮೆಟ್ರೊದಲ್ಲಿ ಬೆಂಕಿಪೊಟ್ಟಣ ಒಯ್ಯಬಾರದು ಎಂದು ನನಗೂ ಗೊತ್ತು, ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದಾರೆ.

“ಅಮ್ಮಾ, ಮೀರು ಸಿಗರೆಟ್ ತಾಗುತಾರಾ?” ಎಂದು ತೆಲುಗಿನಲ್ಲಿ ಕೇಳಿದಳು. ಸಿಗರೇಟು ಸೇದುತ್ತೀರಾ ಅಂತ, ನನ್ನನ್ನು! ಹಿಂದೆ ನಿಂತಿದ್ದ ಕಾಲೇಜು ಹುಡುಗರು ಕಿಸಕ್ಕೆಂದರು.

ತೆರೆದು ನೋಡು ತಾಯಿ ಎಂದೆ. ತೆರೆದಳು. ಒಳಗೆ ಒಂದು ಕಡ್ಡಿಯೂ ಇರಲಿಲ್ಲ. ಸುತ್ತಿಟ್ಟ ಕಪ್ಪು ಉಣ್ಣೆಯ ದಾರ ಇತ್ತು. ಅವಳು ಅದನ್ನು ಮೂಸಿದಳು, ನನ್ನ ಮುಖ ನೋಡಿದಳು, ಯಾವುದೋ ದೇವರ ದಾರವಿರಬೇಕು ಅಂದುಕೊಂಡು ಎರಡೂ ಕೈಯಿಂದ ಮುಚ್ಚಿ ತಿರುಗಿ ಕೊಟ್ಟಳು. ನಾನೂ ಅಲ್ಲ ಎನ್ನಲಿಲ್ಲ. ಈಗ ರೈಲಿನಲ್ಲಿ ಕೂಡಲು ಜಾಗ ಸಿಕ್ಕಿದೆ, ಸಿಕಂದರಾಬಾದಿಗೆ ಹೋಗಬೇಕು, ನಡುವೆ ಒಂದು ಕಡೆ ಗಾಡಿ ಬದಲಿಸಬೇಕು, ಅಲ್ಲಿಯವರೆಗೆ ನಿಮಗೆ ಈ ದಾರದ ಕಥೆ ಹೇಳುತ್ತೇನೆ.

ಆ ಪೊಟ್ಟಣದಲ್ಲಿ ಒಂದು ಕಾಲಕ್ಕೆ ಕಡ್ಡಿಗಳೂ ಇದ್ದವು. ಅವು ಇದ್ದದ್ದು ಕಂಬಳಿ ಸುಡುವುದಕ್ಕೆ. ಹಾಗೆಂದರೆ ನನ್ನನ್ನು ಹುಚ್ಚಿ ಅಂದುಕೊಳ್ಳುತ್ತೀರಿ. ಇರಿ, ಮೊದಲಿನಿಂದ ಹೇಳುತ್ತೇನೆ.

ನಮ್ಮ ಅಪ್ಪ ಬಾಗಲಕೋಟೆಯ ಕಡೆಯಿಂದ ಬಂದು ಇಲ್ಲಿಯ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿದವರು. ಕ್ವಾರ್ಟರ್ಸಿನ ಎರಡು ಕೋಣೆಯ ಮನೆ, ನಾಲ್ಕು ಮಕ್ಕಳು, ಒಂದು ಕರಿ ಕಂಬಳಿ. ಹೊರಗೆ ಆಟ ತೆಲುಗಿನಲ್ಲಿ, ಅಂಗಡಿಯ ವ್ಯವಹಾರ ಹಿಂದಿಯಲ್ಲಿ, ಕಂಬಳಿಯೊಳಗಿನ ಜಗಳ ಮಾತ್ರ ಕನ್ನಡದಲ್ಲಿ. ಅಂಚಿನಲ್ಲಿ ಮಲಗಿದವರಿಗೆ ಚಳಿ, ನಡುವೆ ಮಲಗಿದವರಿಗೆ ಸೆಕೆ. ನಾನು ಮೂರನೆಯವಳು, ಸದಾ ನಡುವೆ, ಹಾಗಾಗಿ ಅದು ಚುಚ್ಚುವುದು ಎಲ್ಲರಿಗಿಂತ ಹೆಚ್ಚು ನನಗೇ. ಕತ್ತಿಗೆ, ಕಿವಿಯ ಹಿಂದೆ, ಕಾಲ ಮೀನಖಂಡಕ್ಕೆ. “ಯವ್ವಾ, ಚುಚ್ಚತೈತಿ!” ಎಂದು ಅತ್ತರೆ ಅವ್ವ, “ಚುಚ್ಚಲಿ ತಗೋ, ಕುರಿಗೆ ಚುಚ್ಚಲಿಲ್ಲೇನ? ಅದು ಮೈಮ್ಯಾಲೆ ಹೊತಗೊಂಡ ತಿರುಗಲಿಲ್ಲ?” ಎನ್ನುತ್ತಿದ್ದಳು.

ಆ ಕಂಬಳಿ ಮಾಡದ ಕೆಲಸವಿಲ್ಲ. ನಾಲ್ಕು ಮಡಿಕೆ ಮಾಡಿ ಹಾಸಿದರೆ ಇಸ್ತ್ರಿಯ ಮೇಜು. ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲಿನ ಪಾತ್ರೆಗೆ ಅದೇ ಶಾಲು. ನೆಗಡಿ ಬಂದರೆ ಕುದಿಯುವ ನೀರಿನ ಮುಂದೆ ನಮ್ಮನ್ನು ಕೂರಿಸಿ ತಲೆಯ ಮೇಲಿಂದ ಅದನ್ನೇ ಮುಚ್ಚುತ್ತಿದ್ದರು. ಹಬೆ ತಾಗಿದ ಕೂಡಲೇ ಒಳಗೊಂದು ಕುರಿಯ ಹಿಂಡೇ ಬಂದು ನಿಂತ ವಾಸನೆ. ಹಬ್ಬದ ದಿನ ಪೂಜೆಗೂ ಅದನ್ನೇ ಹಾಸುವುದು. ಅಣ್ಣ ಒಮ್ಮೆ ಇಸ್ತ್ರಿಪೆಟ್ಟಿಗೆಯನ್ನು ಅದರ ಮೇಲೆಯೇ ಮರೆತು ಆಟಕ್ಕೆ ಓಡಿದ. ಮನೆಯೆಲ್ಲ ಕೂದಲು ಸುಟ್ಟ ನಾತ. ಬೆಂಕಿ ಮಾತ್ರ ಹತ್ತಲಿಲ್ಲ. ಕರಕಲಾದ ಜಾಗವನ್ನು ಅವ್ವ ಉಗುರಿನಿಂದ ಕೆರೆದಳು, ಪುಡಿಯಾಗಿ ಉದುರಿತು. “ನೋಡ್ರಿ, ಖರೇ ಉಣ್ಣಿ ಅಂದ್ರ ಹಿಂಗ. ಸುಟ್ಟರ ಬೂದಿ ಆಗತೈತಿ, ಉರಿಯಂಗಿಲ್ಲ” ಎಂದು ನಮಗೆ ಅಲ್ಲೇ ಪಾಠ ಮಾಡಿದಳು. ಪಾಠ ಮುಗಿದ ಮೇಲೆ ಅಣ್ಣನಿಗೆ ಏಟು.

ಕಂಬಳಿ ಸಾಕುವುದಕ್ಕೆ ಅವ್ವನದೇ ಒಂದು ಕಾಯಿದೆ ಇತ್ತು. ತೊಳೆಯಕೂಡದು. ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯಬೇಕು. ತೀರ ಹೊಲಸಾದರೆ ತಣ್ಣೀರು, ಒಂದು ಹಿಡಿ ಅಂಟುವಾಳದ ನೊರೆ, ಹಿಂಡದೆ ನೆರಳಿನಲ್ಲಿ ಹರವುವುದು. ಮಡಿಕೆಗಳ ನಡುವೆ ಒಣಗಿದ ಬೇವಿನ ಎಲೆ. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಡಬಾರದು, ಅದಕ್ಕೂ ಉಸಿರಾಡಬೇಕು. “ದಿನಾ ತೊಳಿಯಾಕ ಅದೇನ ಲಂಗಾ ಏನ? ಕುರಿ ಏನ ದಿನಾ ಜಳಕಾ ಮಾಡತಿತ್ತೇನ?” ಅವ್ವ ಹೋಗುವಾಗ ಆ ಕಂಬಳಿಯನ್ನು ನನಗೇ ಬಿಟ್ಟು ಹೋದಳು. ಎಲ್ಲರಿಗಿಂತ ಹೆಚ್ಚು ಚುಚ್ಚಿಸಿಕೊಂಡವಳು ನಾನೇ ಅಂತಲೋ ಏನೋ.

ಅಂಥ ಕಂಬಳಿಯನ್ನು ನಾನು ವಾಷಿಂಗ್ ಮಷೀನಿಗೆ ಹಾಕಿದೆ.

ಬೈಯಿರಿ, ಬೈಸಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಕೆಮ್ಮು ಹಿಡಿದು ಬಿಡಲೊಲ್ಲದು, ಡಾಕ್ಟರು ಧೂಳು ಧೂಳು ಅಂದರು, ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತು. ಬಿಸಿನೀರು, ನೀಲಿ ಸೋಪು, ಜೋರು ತಿರುಗಾಟ. ಮುಚ್ಚಳ ತೆಗೆದರೆ ಅವ್ವನ ಕಂಬಳಿ ಬಾಗಿಲ ಕಾಲೊರಸಿನಷ್ಟಾಗಿ, ಹಲಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ನಮ್ಮವರು ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಮಾಲು ತಪಾಸಣೆಯ ಕೆಲಸ ಮಾಡಿದವರು. ಕೈಯಲ್ಲಿ ಟೇಪು ಇಲ್ಲದೆ ಅವರು ದೋಸೆಯನ್ನೂ ತಿನ್ನಲಾರರು. ಅಳೆದು ನೋಡಿ, “ಉದ್ದ ಹೋತು, ಅಗಲ ಹೋತು, ದಪ್ಪ ಅಷ್ಟ ಬಂತು. ರಿಜೆಕ್ಟ್” ಎಂದರು. ನಾನು ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಅವ್ವ ಹೋದಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತೆನೇನೋ. ಈಗ ಅದು ಮಿಕ್ಸಿಯ ಕೆಳಗಿದೆ. ಮಿಕ್ಸಿ ಅಲ್ಲಾಡುವುದು ಪೂರ್ತಿ ನಿಂತಿದೆ, ಅಷ್ಟಾದರೂ ಬಂತು.

ಅವತ್ತಿನಿಂದ ಅಂಥದ್ದೇ ಇನ್ನೊಂದು ಕಂಬಳಿ ಬೇಕು ಎಂಬ ಹಟ ಹತ್ತಿತು. ಬಣ್ಣ ಹಾಕದ್ದು, ಕೈಯಲ್ಲಿ ನೂತದ್ದು, ಒಮ್ಮೆ ತಂದರೆ ಮೊಮ್ಮಕ್ಕಳ ತನಕ ಬರುವಂಥದ್ದು. ಚೀಲದಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ಅಂಗಡಿ ಅಂಗಡಿ ತಿರುಗಿದೆ. ಅಂಚಿನಿಂದ ಒಂದು ಎಳೆ ಕಿತ್ತು ಸುಡುವುದು. ಬೂದಿಯಾಗಿ ಉದುರಿದರೆ ಉಣ್ಣೆ, ಕರಗಿ ಮಣಿಗಟ್ಟಿದರೆ ಪ್ಲಾಸ್ಟಿಕ್ಕು. ಕೂಕಟ್‌ಪಲ್ಲಿಯ ಒಂದು ಪ್ರದರ್ಶನದಲ್ಲಿ ಗಡ್ಡದ ಅಂಗಡಿಯವನೊಬ್ಬ, “ಅಸಲಿ ಊನ್ ಹೈ ಅಮ್ಮಾ, ಆಂಖ್ ಬಂದ್ ಕರ್ಕೆ ಲೇಲೋ” ಎಂದ. ಅಸಲಿ ಉಣ್ಣೆ ಅಂದ ಕೂಡಲೇ ಕಣ್ಣು ಮುಚ್ಚಿ ಕೊಳ್ಳುವ ಜಾತಿಯಲ್ಲ ನಾನು. ಎಳೆ ಕಿತ್ತೆ, ಕಡ್ಡಿ ಗೀರಿದೆ. “ನಕೋ ಅಮ್ಮಾ, ನಕೋ! ಪೂರಾ ದುಕಾನ್ ಜಲಾತೇ ಕ್ಯಾ!” ಎಂದು, ಇಡೀ ಅಂಗಡಿಯನ್ನೇ ಸುಡುತ್ತೇನೇನೋ ಅನ್ನುವ ಹಾಗೆ ಅವನು ಎದ್ದು ಬಂದ. ಅಷ್ಟರಲ್ಲಿ ಎಳೆ ಕರಗಿ ಮಣಿಯಾಗಿ ನನ್ನ ಬೆರಳಿಗೆ ಅಂಟಿತು. ಉರಿಯಿಂದ ಕೈ ಜಾಡಿಸುತ್ತಾ ಮಣಿಯನ್ನು ಅವನ ಮುಂದೆ ಹಿಡಿದೆ. ಅವನೇನೂ ನಾಚಲಿಲ್ಲ. “ಅಮ್ಮಾ, ಕಂಬಲ್ ಓಢನೇ ಕೆ ವಾಸ್ತೆ ಹೈ, ಜಲಾನೇ ಕೆ ವಾಸ್ತೆ ನಹೀ” ಎಂದ. ಹೊದೆಯುವ ವಸ್ತು ಇದು, ಸುಡುವುದಕ್ಕಲ್ಲ ಅಂತ. ನನಗೆ ನಗು ಬಂತು. ಮುಂದೆ ಆ ಮಾತು ನೆನಪಾದಾಗ ನಗು ಬರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಎದುರಿಗೆ ಹೋದ ವರ್ಷ ಇನ್ನೊಂದು ಅಪಾರ್ಟ್‌ಮೆಂಟು ಏಳುತ್ತಿತ್ತು. ನವೆಂಬರಿನ ಒಂದು ಬೆಳಿಗ್ಗೆ ಹಾಲು ತರುವಾಗ ಆ ಕಡೆಯಿಂದ, “ಏ ಕಸ್ತೂರಿ, ಉಸುಕಿನ್ಯಾಗ ಹೊಳ್ಳಾಡಬ್ಯಾಡ, ಈಗರೆ ಮಾರಿ ತೊಳದೇನಿ!” ಎಂಬ ಕೂಗು ಕೇಳಿತು. ಮಿಯಾಪುರದ ರಸ್ತೆಯಲ್ಲಿ ಅವ್ವನ ಕನ್ನಡ! ಹಾಲಿನ ಪಾಕೀಟು ಹಿಡಿದುಕೊಂಡೇ ತಗಡಿನ ಗೇಟಿನ ಒಳಗೆ ಹೋದೆ. ಕೂಗಿದವಳು ಮಾಳವ್ವ, ಕುಷ್ಟಗಿ ಕಡೆಯ ಕುರಿಗಾರರ ಮನೆಯ ಮಗಳು. ಗಂಡ ಕಬ್ಬಿಣದ ಸರಳು ಕಟ್ಟುತ್ತಾನೆ, ಇವಳು ಇಟ್ಟಿಗೆ ಹೊರುತ್ತಾಳೆ, ತಗಡಿನ ಶೆಡ್ಡಿನಲ್ಲಿ ವಾಸ. ಎರಡು ವರ್ಷದ ಮಗಳು ಕಸ್ತೂರಿ ಮೂಗು ಸುರಿಸುತ್ತಾ ಉಸುಕಿನ ಗುಡ್ಡೆಯ ಮೇಲೆ ಕೂತಿದ್ದಳು. ಅವಳ ಮೈಸುತ್ತ ಇತ್ತು ನೋಡಿ, ಕಪ್ಪು ಕಂಬಳಿ. ದಪ್ಪ ಎಳೆ, ನಡುನಡುವೆ ಹುಲ್ಲಿನ ಕಡ್ಡಿ, ಕುರಿಯ ಮೈಯ ಕಂದುಗಪ್ಪು. ಕಡ್ಡಿ ಗೀರುವ ಅಗತ್ಯವೇ ಇರಲಿಲ್ಲ, ನನ್ನ ಕತ್ತು ಆಗಲೇ ತುರಿಸತೊಡಗಿತ್ತು.

ದಿನಾ ಹೋಗತೊಡಗಿದೆ. ಒಮ್ಮೆ ಉಪ್ಪಿನಕಾಯಿ, ಒಮ್ಮೆ ಮಗುವಿಗೆ ಬಿಸ್ಕೀಟು. ಮಾಳವ್ವನ ಮೇಲಿನ ಪ್ರೀತಿ ಸುಳ್ಳಲ್ಲ, ಆದರೆ ಕಣ್ಣು ಕಂಬಳಿಯ ಮೇಲೆ ಇತ್ತು ಎನ್ನುವುದೂ ಸುಳ್ಳಲ್ಲ. ನಮ್ಮ ಮನೆಯಲ್ಲಿ ಯಾರದೋ ಮದುವೆಯಲ್ಲಿ ಬಂದ ಹೊಚ್ಚ ಹೊಸ ಹೊದಿಕೆ ಇತ್ತು, ಬೆಕ್ಕಿನ ಮರಿಯಷ್ಟು ಮೆತ್ತಗೆ, ಮೇಲೆ ಕೊಡದಷ್ಟು ದೊಡ್ಡ ಕೆಂಪು ಗುಲಾಬಿಗಳು, ಜಿಪ್ಪಿನ ಚೀಲ. ಅದನ್ನು ಒಯ್ದು ಕಸ್ತೂರಿಯ ಮುಂದೆ ಬಿಚ್ಚಿದೆ. ಮಗು ಗುಲಾಬಿಯ ಮೇಲೆ ಬಿದ್ದು ಹೊರಳಾಡಿತು.

“ಮಾಳವ್ವಾ, ಇದನ್ನ ನೀ ಇಟ್ಕೋ, ಆ ಹಳೇ ಕಂಬಳಿ ನನಗ ಕೊಡು. ಬದಲಿ ಮಾಡೂಣ” ಎಂದೆ. ಹಳೆಯ ಸೀರೆ ಕೊಟ್ಟು ಪಾತ್ರೆಯವಳಿಂದ ಬೋಗುಣಿ ಗಿಟ್ಟಿಸುತ್ತಿದ್ದ ಅವ್ವನ ಮಗಳಲ್ಲವೇ ನಾನು, ಮೇಲೊಂದು ಸ್ಟೀಲಿನ ಡಬ್ಬಿಯನ್ನೂ ಇಟ್ಟೆ.

ಮಾಳವ್ವ ಕಂಬಳಿಯ ಅಂಚನ್ನು ಬೆರಳಿನಲ್ಲಿ ತೀಡಿದಳು. “ಇದು ನಮ್ಮಪ್ಪ ನೇಯ್ದದ್ದ್ರಿ ಅಕ್ಕಾರ. ನಮ್ಮ ಕುರೀದ ಉಣ್ಣಿ. ನಾ ಗಂಡನ ಮನಿಗೆ ಬರುವಾಗ ಹೊದಿಸಿ ಕಳಸಿದ್ದ.” ಆಮೇಲೆ ಮಗಳ ಕಡೆ ನೋಡಿ, “ಇಕಿ ಆ ಹೂವಿನ ಚಾದರ ಬಿಡವಲ್ಲಳು. ಹಳೇದು ಕೊಟ್ಟು ಹೊಸಾದು ತಗೊಂಡ್ರ ನಿಮಗ ಲುಕ್ಸಾನ ಅಲ್ಲೇನ್ರಿ?” ಎಂದಳು.

ಅವಳ ಬೆರಳು ಅಂಚನ್ನು ಬಿಡುತ್ತಿರಲಿಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ನೋಡದವಳ ಹಾಗೆ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಬಂದುಬಿಟ್ಟೆ.

ಹತ್ತು ದಿನ ಸುಖಪಟ್ಟೆ, ಸುಳ್ಳು ಹೇಳುವುದಿಲ್ಲ. ಊಟವಾದ ಮೇಲೆ ಹೊದ್ದು ಮಲಗಿದರೆ ಹೊಗೆ, ಕುರಿ, ಎಳೆ ಮಗುವಿನ ಹಾಲುವಾಸನೆ. ಚುಚ್ಚಿತು. “ಚುಚ್ಚಲಿ ತಗೋ” ಎಂದು ನನಗೆ ನಾನೇ ಹೇಳಿಕೊಂಡು ನಿದ್ದೆ ಹೋದೆ. ನಮ್ಮವರು ಟೇಪು ಹಿಡಿದು ಬಂದರು. ಕಂಬಳಿ ಎರಡು ಪಟ್ಟಿ ನೇಯ್ದು ನಡುವೆ ಹೊಲಿದದ್ದು, ಮಗ್ಗದ ಅಗಲ ಅಷ್ಟೇ ಇರುತ್ತದೆ ಎಂದು ಅವರೇ ಕಂಡುಹಿಡಿದು ನನಗೆ ಪಾಠ ಹೇಳಿದರು.

ಹನ್ನೊಂದನೆಯ ದಿನ ಸೈಟಿಗೆ ಹೋದರೆ ಕಸ್ತೂರಿಯ ಮುಂಗೈಗೆ ಬಟ್ಟೆ ಕಟ್ಟಿತ್ತು. ಮುಂಜಾನೆ ಮಾಳವ್ವ ರೊಟ್ಟಿ ಬಡಿಯುವಾಗ ಕಟ್ಟಿಗೆಯ ಒಲೆಯಿಂದ ಕಿಡಿ ಸಿಡಿದು ಗುಲಾಬಿಯ ಮೇಲೆ ಬಿದ್ದಿತ್ತು. ಹೊದಿಕೆ ಅಂಗೈಯಗಲ ಕರಗಿ, ಕರಗಿದ್ದು ಮಗುವಿನ ಕೈಗೆ ಅಂಟಿತ್ತು. ಮಾಳವ್ವ ಕೂಡಲೇ ಕಿತ್ತು ಎಸೆದು ನೀರು ಸುರಿದಿದ್ದಳು. ದವಾಖಾನೆಯಲ್ಲಿ ಮುಲಾಮು ಹಚ್ಚಿ ಕಳಿಸಿದ್ದರು. “ದೊಡ್ಡ ಗಾಯ ಅಲ್ರಿ ಅಕ್ಕಾರ, ಹುಣಸಿಬೀಜದಷ್ಟ ಐತಿ. ಕಂಬಳಿ ಮ್ಯಾಲೆ ದಿನಾ ಕಿಡಿ ಬೀಳತಿತ್ರಿ, ನಾ ಬಡದು ಒಗೀತಿದ್ದೆ. ಇದು ಹಿಂಗ ಅಂತ ನನಗೇನ ಗೊತ್ತು.”

ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು! ಊರೆಲ್ಲ ಎಳೆ ಕಿತ್ತು ಸುಟ್ಟು ನೋಡಿದವಳು, ಬೆರಳು ಸುಟ್ಟುಕೊಂಡವಳು, ಒಲೆಯ ಪಕ್ಕ ಮಲಗುವ ಮಗುವಿಗೆ ಕೊಡುವಾಗ ಒಂದು ಎಳೆಯನ್ನೂ ಸುಡಲಿಲ್ಲ. ತೆಗೆದುಕೊಳ್ಳುವುದಕ್ಕೆ ಇದ್ದ ಪರೀಕ್ಷೆ ಕೊಡುವುದಕ್ಕೆ ಇರಲಿಲ್ಲ. ಮನೆಗೆ ಬಂದು ಹೇಳಿದರೆ ನಮ್ಮವರು ಕನ್ನಡಕ ಮೇಲೇರಿಸಿ, “ಕೊಡೂಮುಂದ ಟೆಸ್ಟ್ ಮಾಡಿದ್ದಿಲ್ಲೇನ?” ಎಂದಷ್ಟೇ ಕೇಳಿದರು. ಅವರು ಹೇಳಿದ್ದು ಸರಿ ಇದ್ದದ್ದರಿಂದ ಎರಡು ದಿನ ಮಾತು ಬಿಟ್ಟೆ.

ಅವತ್ತೇ ಕಂಬಳಿ ತೆಗೆದುಕೊಂಡು ಓಡಿದೆ. ಮಾಳವ್ವ ಮುಟ್ಟಲೇ ಇಲ್ಲ. “ಬದಲಿ ಅಂದ್ರ ಬದಲಿರಿ. ಆದ ಮ್ಯಾಲೆ ತಿರುಗಿ ತಗೊಂಡ್ರ ನಮ್ಮಪ್ಪ ಬೈತಾನ. ನೀವೇನ ಬೇಕಂತ ಮಾಡೀರೇನು?” ಬೇಡಿಕೊಂಡೆ, ಗದರಿದೆ, ಮೂವತ್ತು ವರ್ಷದ ಟೀಚರ್ ದನಿಯನ್ನೂ ತೆಗೆದೆ. ಊಹೂಂ. ಇಷ್ಟು ಬಡತನದಲ್ಲಿ ಇಷ್ಟು ಬಿಗಿ ಎಲ್ಲಿಂದ ಬರುತ್ತದೆಯೋ. ಮಗುವಿಗೆ ಒಂದು ಹಳೆಯ ಸೀರೆ ಹೊದಿಸಿದ್ದಳು. ಚಳಿ ಏರುತ್ತಿತ್ತು.

ಆಗ ನನಗೆ ನಮ್ಮ ಲಿಫ್ಟಿನಲ್ಲಿ ಅಂಟಿಸಿದ್ದ ನೋಟೀಸು ನೆನಪಾಯಿತು. ಬಾಲ್ಕನಿಯ ಕಂಬಿಯ ಮೇಲೆ ಬಟ್ಟೆ, ಹಾಸಿಗೆ ಒಣಗಿಸಬಾರದು, ಕಟ್ಟಡದ ಅಂದ ಕೆಡುತ್ತದೆ ಎಂದು ಅಸೋಸಿಯೇಷನ್ನಿನವರು ಬರೆದದ್ದು. ಹೋದ ವಾರವಷ್ಟೇ ಆ ನೋಟೀಸಿನ ಮೇಲೆ ಸೆಕ್ರೆಟರಿಯ ಜೊತೆ ಜಗಳವಾಡಿ ಬಂದಿದ್ದೆ. ಈಗ ಅವನ ಹೊಟ್ಟೆ ತಣ್ಣಗಿರಲಿ ಅನ್ನಿಸಿತು.

“ಕೇಳ ಮಾಳವ್ವಾ. ಕಂಬಳಿ ನಂದ, ಒಪ್ಪಿದೆ. ಆದ್ರ ನಮ್ಮ ಮನ್ಯಾಗ ಇದಕ್ಕ ಬಿಸಿಲು ಇಲ್ಲ, ಹಾಕಾಕ ಬಿಡಂಗಿಲ್ಲ ಅವ್ರು. ಹುಳ ಹತ್ತಿ ಹಾಳಾಗತೈತಿ. ನಿನ್ನ ಕಡೆ ಇಟಗೊಂಡು ದಿನಾ ಉಸುಕಿನ ಮ್ಯಾಲೆ ಬಿಸಿಲಿಗೆ ಹಾಕ್ತೀಯೇನ?”

“ಅದಕ್ಕೇನ್ರಿ, ಹಾಕ್ತೀನಿ.”

“ಮಡಿಚಿ ಇಟ್ರೂ ಹುಳ ಹಿಡೀತೈತಿ. ದಿನಾ ಯಾರರೆ ಹೊದಕೊಂಡ ಮಲಗಬೇಕು.”

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. “ಕಸ್ತೂರಿಗೆ ಹೇಳ್ತೀನ್ರಿ” ಎಂದಳು.

ಆ ಚಳಿಗಾಲ ಪೂರ್ತಿ ನನಗೊಂದು ಕೆಲಸ ಸಿಕ್ಕಿತು. ಹನ್ನೊಂದು ಗಂಟೆಗೆ ಆರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತರೆ ಕೆಳಗೆ ಉಸುಕಿನ ಮೇಲೆ ಕಪ್ಪಗೆ ಹರವಿದ ಕಂಬಳಿ, ಅದರ ಮೇಲೆ ಒಂದು ಸಣ್ಣ ಕೆಂಪು ಲಂಗ. ಮಾಳವ್ವ ತಲೆಯ ಮೇಲೆ ಇಟ್ಟಿಗೆ ಹೊತ್ತುಕೊಂಡೇ ನನ್ನ ಕಡೆ ಕೈ ಬೀಸುತ್ತಿದ್ದಳು. ಎದುರು ಸಿಕ್ಕರೆ ಮೊದಲು, “ನಿಮ್ಮ ಕಂಬಳಿ ಆರಾಮ ಐತ್ರಿ ಅಕ್ಕಾರ” ಎಂದು ವರದಿ. ನೆಂಟರ ಮನೆಯಲ್ಲಿ ಓದಲು ಬಿಟ್ಟ ಮಗನ ಸುದ್ದಿ ಹೇಳುವ ಹಾಗೆ. ನಾನೂ ಗಂಭೀರವಾಗಿ, “ಬಡದೀಯಿಲ್ಲೋ?” ಎಂದು ಕೇಳುತ್ತಿದ್ದೆ.

ಬೇಸಿಗೆಗೆ ಕಟ್ಟಡ ಮುಗಿಯಿತು. ಮೇಸ್ತ್ರಿ ಅವರನ್ನು ಬೇರೆ ಸೈಟಿಗೆ ಕಳಿಸುವ ದಿನ ಮಾಳವ್ವ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ನಮ್ಮ ಮನೆಯ ಬೆಲ್ಲು ಒತ್ತಿದಳು. ಲಿಫ್ಟು ಹತ್ತಲು ಹೆದರಿ ಆರು ಮಹಡಿಯನ್ನೂ ನಡೆದೇ ಬಂದಿದ್ದಳು. ಹೆಗಲ ಮೇಲೆ ಕಂಬಳಿ, ಮಡಿಕೆಯಿಂದ ಹಸಿರು ಬೇವಿನ ಎಲೆ ಇಣುಕುತ್ತಿತ್ತು.

“ನಿಮ್ಮದು ಒಪ್ಪಿಸಿ ಹೋಗೂಣಂತ ಬಂದ್ನಿರಿ.”

ಕುಂಟು ನೆಪವನ್ನು ಅವಳು ನೆಪವೆಂದೇ ತಿಳಿದಿದ್ದಾಳೆ ಅಂದುಕೊಂಡಿದ್ದೆ. ಅವಳು ನಾನಾಡಿದ ಪ್ರತಿ ಮಾತನ್ನೂ ನಡೆಸಿದ್ದಳು. “ನಂದಲ್ಲ ಮಾಳವ್ವಾ, ನಿಂದು. ನಿಮ್ಮಪ್ಪಂದು. ನಾ ಸುಳ್ಳು ಹೇಳಿದ್ದೆ” ಎಂದೆ. “ಬದಲಿ ಆಗೈತ್ರಿ” ಎಂದಳು. ನಾನು ಆ ಕಡೆ ತಳ್ಳಿದೆ, ಅವಳು ಈ ಕಡೆ ತಳ್ಳಿದಳು. ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರು. ಬಾಗಿಲಲ್ಲಿ ಇಬ್ಬರು ಹೆಂಗಸರು ಕಂಬಳಿ ಜಗ್ಗಾಡುವುದನ್ನು ಕಂಡು ಅವರೇನು ತಿಳಿದರೋ.

ಕಡೆಗೆ ಮಾಳವ್ವ ಹೊಸ್ತಿಲಲ್ಲೇ ಕೂತು ಕಂಬಳಿ ಹರವಿದಳು. ಎಲೆಅಡಿಕೆಯ ಚೀಲದಿಂದ ದಪ್ಪ ಸೂಜಿ, ನಮ್ಮ ಕಡೆ ದಬ್ಬಣ ಅನ್ನುತ್ತೇವಲ್ಲ, ಅದನ್ನು ತೆಗೆದು ನಡುವಿನ ಹೊಲಿಗೆಗೆ ಹಾಕಿ ಮೀಟಿದಳು.

“ಅಯ್ಯ ಅಯ್ಯ, ಹರೀಬ್ಯಾಡ!” ಎಂದು ಚೀರಿದೆ.

“ಹರಿಯಾಕತ್ತಿಲ್ರಿ, ಬಿಚ್ಚಾಕತ್ತೀನಿ. ನಮ್ಮಪ್ಪ ಎರಡ ಪಟ್ಟಿನ ನೇಯ್ದಿದ್ದ. ಒಂದು ನಿಮಗ, ಒಂದು ಕಸ್ತೂರಿಗೆ.” ಕೆಳಗಿನ ತುದಿಯವರೆಗೂ ತುಂಡಾಗದಂತೆ ದಾರ ಬಿಚ್ಚಿದಳು. ಅದನ್ನು ಸುತ್ತಿ ನನ್ನ ಅಂಗೈಯಲ್ಲಿ ಇಟ್ಟಳು. “ದಾರ ನಿಮ್ಮ ಕಡೆ ಇರಲಿ, ದಬ್ಬಣ ನನ್ನ ಕಡೆ ಇರತೈತಿ. ಕೂಡಿದಾಗ ಹೊಲಿಯೂನಂತ.” ನಾನು ಅಳುತ್ತಾ ಒಳಗೆ ಹೋಗಿ ಇದೇ ಬೆಂಕಿಪೊಟ್ಟಣದ ಕಡ್ಡಿಗಳನ್ನೆಲ್ಲ ಸುರಿದು ದಾರ ಇಟ್ಟೆ. ನಮ್ಮವರು ಉಳಿದ ಒಂದು ಪಟ್ಟಿಯನ್ನು ಅಳೆದರು. “ಅಗಲ ಭಾಳ ಕಡಿಮಿ” ಎಂದರು, ಟೇಪು ಸುತ್ತಿ ಜೇಬಿಗೆ ಹಾಕಿಕೊಂಡು, “ಪಾಸ್” ಎಂದರು.

ಅರ್ಧ ಕಂಬಳಿ ಹೊದ್ದು ಮಲಗಿ ನೋಡಿದ್ದೀರಾ? ಎದೆ ಮುಚ್ಚಿದರೆ ಬೆನ್ನಿಗೆ ಚಳಿ. ಆದರೂ ಈ ವರ್ಷ ಚಳಿ ಶುರುವಾದಾಗಿನಿಂದ ಅದನ್ನೇ ಹೊದ್ದಿದ್ದೆ. ನಿನ್ನೆ ಮಧ್ಯಾಹ್ನ ಫೋನು ಬಂತು. ಮಾಳವ್ವ. ಸಿಕಂದರಾಬಾದಿನ ಕಡೆ ಸೈಟಿನಲ್ಲಿದ್ದಾರಂತೆ. “ನಮ್ಮ ಪಟ್ಟಿ ಆರಾಮ ಐತ್ರಿ. ನಿಮ್ಮದು?” ಎಂದು ಕೇಳಿದಳು. ಕಸ್ತೂರಿ ಹೇಗಿದ್ದಾಳೆ ಎಂದೆ. “ಭಾಳ ಉದ್ದ ಆಗ್ಯಾಳ್ರಿ. ಮುದುರಿಕೊಂಡ ಮಲಗಿದ್ರೂ ಕಾಲು ಹೊರಗ ಬರಾಕತ್ತಾವು” ಎಂದು ನಕ್ಕಳು. ಅವಳೇನೂ ಕೇಳಲಿಲ್ಲ, ಕೇಳುವವಳೂ ಅಲ್ಲ.

ಅದಕ್ಕೇ ಈ ಚೀಲ. ದಾರದ ಕೆಳಗೆ ಮಡಿಚಿಟ್ಟದ್ದು ನನ್ನ ಪಟ್ಟಿ. ಇನ್ನೆರಡು ಸ್ಟೇಷನ್ನು ಬಿಟ್ಟು ಇಳಿದು ಗಾಡಿ ಬದಲಿಸಬೇಕು. ಅವಳು ಸುಮ್ಮನೆ ತೆಗೆದುಕೊಳ್ಳುವುದಿಲ್ಲ, ಬದಲಿ ಅಂದರೆ ಬದಲಿ ಎಂದು ಮತ್ತೆ ಹಟ ಹಿಡಿಯುತ್ತಾಳೆ, ನನಗೆ ಗೊತ್ತು. ಮಿಯಾಪುರದಿಂದಲೂ ಮಾತು ಜೋಡಿಸುತ್ತಾ ಬಂದಿದ್ದೇನೆ. ದಬ್ಬಣ ತೆಗೆ, ಹೊಲಿ ಅಂತೀನಿ. ಹೊಲಿದು ಮುಗಿಸುವ ತನಕ ಬಾಯಿ ಬಿಡುವುದಿಲ್ಲ. ಮುಗಿದ ಮೇಲೆ ಕಸ್ತೂರಿಯ ಕಾಲ ಮೇಲೆ ಎಳೆದು ಹೊದಿಸಿ, ಎದ್ದು ಹೊರಡುವಾಗ ಹೇಳುತ್ತೇನೆ, “ಮಾಳವ್ವಾ, ನನ್ನ ಅರ್ಧಕ್ಕೂ ಬಿಸಿಲು ಸಾಲವಲ್ಲದು ನೋಡು.”